ಹಳದಿ ಕಪ್ಪೆಯ ಮೇಲೆ ಸುಮ್ನೆ ಅನುಮಾನ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಡಿಕೆ ತೋಟದ ಕೆಳಗೆ ಒಂದು ಹೊಂಡ ಇದೆ. ಮೊದಲೆಲ್ಲ ಬೇಸಿಗೆಯಲ್ಲಿ ಒಣಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಆಳ ಮಾಡಿಸಿ, ಸೊಳ್ಳೆ ಕಾಟಕ್ಕೆ ಅಂತ ಗ್ಯಾಂಬೂಸಿಯಾ ಮೀನು ಬಿಟ್ಟೆವು. ಈಗ ಮಳೆಗಾಲದಲ್ಲೂ ಕಪ್ಪೆ ಕೂಗು ಅಷ್ಟಕ್ಕಷ್ಟೆ. ಹಳದಿ ಬಣ್ಣದ ದೊಡ್ಡ ಕಪ್ಪೆ ಎಲ್ಲಿಂದಲೋ ಬಂದು ಸಣ್ಣವನ್ನೆಲ್ಲ ತಿನ್ನುತ್ತಿದೆ ಅಂತಾರೆ. ಹಿಡಿದು ದೂರ ಬಿಡಬಹುದಾ?

ಉತ್ತರ: ದಯವಿಟ್ಟು ಬೇಡ. ಅದು ಗೂಳಿಗಪ್ಪೆ, ಇಲ್ಲಿಯದೇ. ಮಳೆ ಶುರುವಾದಾಗ ಗಂಡು ಹಳದಿಗೆ ತಿರುಗುತ್ತದೆ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಸಣ್ಣ ಕಪ್ಪೆಯನ್ನು ತಿನ್ನುವುದೂ ನಿಜ. ಆದರೆ ಇಲ್ಲಿನ ಕಪ್ಪೆಗಳು ಅದರ ಜೊತೆಗೇ ಬಾಳಿ ಬಂದವು. ಅಂಡಮಾನಿನ ಕಥೆ ಬೇರೆ. ಜನರ ಕೈಯಿಂದ ಅಲ್ಲಿಗೆ ಹೋದ ಇದೇ ಗೂಳಿಗಪ್ಪೆ ಈಗ ಅಲ್ಲಿ ಪೀಡೆ. ಅದರ ಗೊದಮೊಟ್ಟೆಗಳು ಅಲ್ಲಿನ ಗೊದಮೊಟ್ಟೆಗಳನ್ನೇ ತಿನ್ನುತ್ತವೆ.

ನಿಮ್ಮ ಹೊಂಡಕ್ಕೆ ಹೊರಗಿನಿಂದ ಬಂದದ್ದು ಮೀನು. ಗ್ಯಾಂಬೂಸಿಯಾ ಅಮೆರಿಕದ್ದು. ಸೊಳ್ಳೆ ಮರಿ ಒಂದನ್ನೇ ತಿಂದು ಸುಮ್ಮನಿರುವ ಜಾತಿಯಲ್ಲ. ಕಪ್ಪೆ ಮೊಟ್ಟೆ ತಿನ್ನುತ್ತದೆ, ಗೊದಮೊಟ್ಟೆಯ ಬಾಲ ಕಚ್ಚಿ ಹರಿಯುತ್ತದೆ. ನಮ್ಮ ಎಷ್ಟೋ ಕಪ್ಪೆಗಳು ಬೇಸಿಗೆಯಲ್ಲಿ ಒಣಗುವ ನೀರಲ್ಲೇ ಮೊಟ್ಟೆ ಇಡುತ್ತವೆ. ಯಾಕೆಂದರೆ ಅಲ್ಲಿ ಮೀನು ಉಳಿಯುವುದಿಲ್ಲ. ಹೊಂಡ ಒಣಗುವುದು ನಿಮಗೆ ತೊಂದರೆ, ಕಪ್ಪೆಗೆ ಅದೇ ಕಾವಲು. ಹಾರುವ ಕಪ್ಪೆಯನ್ನೇ ನೋಡಿ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟುತ್ತದೆ, ಮರಿಗಳು ಅಲ್ಲಿಂದ ಸೀದಾ ಕೆಳಗಿನ ನೀರಿಗೆ ಉದುರುತ್ತವೆ. ಕೆಳಗೆ ಮೀನಿದ್ದರೆ ಕೂತಲ್ಲಿಗೇ ಊಟ ಬಂದಂತೆ, ಅಲ್ವಾ?

ಬೇಸಿಗೆ ಕೊನೆಗೆ ಪಂಪ್ ಹಚ್ಚಿ ಹೊಂಡ ಖಾಲಿ ಮಾಡಿ, ತಳ ಬಿರುಕು ಬಿಡುವವರೆಗೆ ಒಣಗಲಿ. ಆ ನೀರನ್ನು ತೋಟಕ್ಕೆ ಹಾಯಿಸಿ, ಹಳ್ಳಕ್ಕೆ ಮಾತ್ರ ಬೇಡ. ಗ್ಯಾಂಬೂಸಿಯಾ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಬಸುರಿ ಮೀನು ಒಂದು ತಪ್ಪಿಸಿಕೊಂಡರೂ ಸಾಕು. ಶರಾವತಿ ಕಡೆಯ ಹಳ್ಳಗಳಲ್ಲಿ ಮೊಟ್ಟೆಗೆ ಕೆಸರು ಮೆತ್ತುವ ಕುಂಬಾರ ಕಪ್ಪೆ ಇದೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದೇ 2014ರಲ್ಲಿ. ಅಂಥ ಕಡೆಗೆ ಈ ಮೀನು ಹೋಗುವುದು ಬೇಡ.

ತೋಟಕ್ಕೆ ವರ್ಷವಿಡೀ ನೀರು ಬೇಕೇ ಬೇಕು ಅಂದರೆ ದೊಡ್ಡ ಹೊಂಡ ಹಾಗೇ ಇರಲಿ. ಕಪ್ಪೆಗಳಿಗೆಂದೇ ಪಕ್ಕದಲ್ಲಿ ಮೊಣಕಾಲುದ್ದದ ಇನ್ನೊಂದು ಗುಂಡಿ ತೆಗೆಸಿ, ಅಂಚು ಇಳಿಜಾರಾಗಿರಲಿ. ಎರಡರ ನೀರೂ ಒಂದಕ್ಕೊಂದು ಸೇರದಂತೆ ಏರಿ ಕಟ್ಟಿ.

ಅಂದಹಾಗೆ, ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದ ಮೇಲೆ ಡ್ರಮ್ ಎಲ್ಲಿ ತೊಳೆಯುತ್ತೀರಿ? ಮೈಲುತುತ್ತಿನ ನೀರು ಗೊದಮೊಟ್ಟೆಗೆ ವಿಷ. ಆ ಗುಂಡಿಯಿಂದ ದೂರ ತೊಳೆಯಿರಿ.