ಹೊಸ ಶಸ್ತ್ರಚಿಕಿತ್ಸಾ ಸಾಧನದ ಪರೀಕ್ಷೆಗೆ ತಮ್ಮನನ್ನು ಸೇರಿಸಬಹುದೇ?

ನಿಮ್ಮ ತಮ್ಮನಿಗೆ ಇಪ್ಪತ್ತೆರಡು ವರ್ಷ, ಎದೆ ಹೆಂಗಸರಂತೆ ಉಬ್ಬಿದೆ, ದೊಡ್ಡ ಕಲೆ ಉಳಿಯದಂತೆ ಒಳಗಿನಿಂದ ಬಿಸಿ ಕೊಟ್ಟು ಕೊಬ್ಬು ತೆಗೆಯುವ ಹೊಸ ಸಾಧನದ ಪರೀಕ್ಷೆಗೆ ಕರೆದಿದ್ದಾರೆ, ಖರ್ಚಿಲ್ಲ ಎಂದೂ ಹೇಳಿದ್ದಾರೆ ಎಂದು ಬರೆದಿದ್ದೀರಿ. ಸೇರಿಸಬಹುದು. ಆದರೆ ಖರ್ಚಿಲ್ಲ ಎಂಬುದೊಂದೇ ಕಾರಣವಾಗಿದ್ದರೆ ಬೇಡ.

ನಾನು ವೈದ್ಯನಲ್ಲ. ದಾವಣಗೆರೆಯ ಆಸ್ಪತ್ರೆಯೊಂದರ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಮನುಷ್ಯರ ಮೇಲಿನ ಪರೀಕ್ಷೆಗಳು ನ್ಯಾಯವಾಗಿವೆಯೇ ಎಂದು ನೋಡುವ ಸಮಿತಿಯಲ್ಲಿ, ಜನಸಾಮಾನ್ಯರ ಪರವಾಗಿ ಕೂರುವ ಸದಸ್ಯ. ಇಂಥ ಅರ್ಜಿ ಬಂದಾಗ ನಾನು ಮೊದಲು ಹುಡುಕುವುದು, ಸಾಧನ ಕೈಕೊಟ್ಟರೆ ಮುಂದೇನು ಎಂಬುದನ್ನು.

ಹೊರಗಿನ ಗೀರು ಚಿಕ್ಕದಾದ ಮಾತ್ರಕ್ಕೆ ಒಳಗಿನ ಕೆಲಸ ಚಿಕ್ಕದಾಗುವುದಿಲ್ಲ. ಕೊಬ್ಬನ್ನು ಕೊಳವೆಯಿಂದ ಹೀರಬಹುದು; ಮೊಲೆತೊಟ್ಟಿನ ಹಿಂದಿನ ಗಟ್ಟಿ ಗ್ರಂಥಿಯನ್ನು ಹಲವೊಮ್ಮೆ ಕತ್ತರಿಸಿಯೇ ತೆಗೆಯಬೇಕು. ಅತಿಯಾಗಿ ತೆಗೆದರೆ ಅಲ್ಲಿ ಗುಳಿ ಬೀಳುತ್ತದೆ. ಬಿಸಿಯಾದ ತುದಿ ಚರ್ಮದ ಅಡಿಗೆ ತೀರ ಹತ್ತಿರ ಬಂದು ಅಲ್ಲೇ ನಿಂತರೆ ಸುಟ್ಟ ಗಾಯವಾಗುತ್ತದೆ. ಅದಕ್ಕೇ ಒಂದು ಕೈ ಕೊಳವೆಯನ್ನು ಆಡಿಸುತ್ತಿದ್ದರೆ ಇನ್ನೊಂದು ಅಂಗೈ ಚರ್ಮದ ಮೇಲೆಯೇ ಇದ್ದು ತುದಿ ಎಲ್ಲಿದೆ ಎಂದು ಅರಿಯುತ್ತಿರಬೇಕು. ರಕ್ತ ನಿಲ್ಲದಿದ್ದರೆ, ಗ್ರಂಥಿ ಬಾರದಿದ್ದರೆ ಗೀರನ್ನು ದೊಡ್ಡದು ಮಾಡುತ್ತೀರಾ, ಈ ಸಾಧನವನ್ನು ನೀವು ಎಷ್ಟು ಜನರ ಮೇಲೆ ಬಳಸಿದ್ದೀರಿ ಎಂದು ವೈದ್ಯರನ್ನೇ ನೇರವಾಗಿ ಕೇಳಿ. ಜಗಳೂರು, ಹರಪನಹಳ್ಳಿ ಕಡೆಯಿಂದ ಬಂದವರು "ನೀವು ಹೇಳಿದಂತೆ ಆಗಲಿ ಸಾರ್" ಎಂದು ಓದದೆ ಸಹಿ ಹಾಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೊಸ ಸಾಧನವನ್ನು ಮನುಷ್ಯರ ಮೇಲೆ ಪರೀಕ್ಷಿಸಲು 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಕೇಂದ್ರದ ಅನುಮತಿ ಬೇಕು, ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಇಂಥ ಪರೀಕ್ಷೆಗಳನ್ನು ದಾಖಲಿಸುವ ದೇಶದ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿಯಾಗಿರಬೇಕು. ಆ ನೋಂದಣಿ ಸಂಖ್ಯೆ ಕೇಳಿ ನೀವೇ ಇಂಟರ್ನೆಟ್‌ನಲ್ಲಿ ನೋಡಬಹುದು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ತಮ್ಮನ ಹಕ್ಕು, ಯಾರ ಉಪಕಾರವೂ ಅಲ್ಲ.

ಎಷ್ಟು ಕಾಲ ಕರೆದು ನೋಡುತ್ತಾರೆ ಎಂಬುದನ್ನೂ ವಿಚಾರಿಸಿ. ಕಲೆ ಮಾಗಲು ಸುಮಾರು ಒಂದು ವರ್ಷ ಬೇಕು. ಮೂರು ತಿಂಗಳಿಗೆ ಮುಗಿಯುವ ಪರೀಕ್ಷೆ ಕಲೆಯ ಬಗ್ಗೆ ಏನು ಹೇಳೀತು? ಕೆಲವು ಅಪಾಯಗಳು ಇನ್ನೂ ತಡವಾಗಿ ಗೋಚರಿಸುತ್ತವೆ. ವರ್ಷಗಟ್ಟಲೆ ಬಳಕೆಯಲ್ಲಿದ್ದ ಅಲರ್ಗನ್ ಕಂಪನಿಯ ಒರಟು ಮೈಯ ಸ್ತನ ಇಂಪ್ಲಾಂಟ್‌ಗಳನ್ನು ಲಿಂಫೋಮಾ ಎಂಬ ಕ್ಯಾನ್ಸರ್‌ನ ಅಪರೂಪದ ಬಗೆಯೊಂದರ ಕಾರಣಕ್ಕೆ ಜಗತ್ತಿನಾದ್ಯಂತ ಹಿಂಪಡೆದದ್ದು 2019ರಲ್ಲಿ.

ಅವಸರವೇನೂ ಇಲ್ಲ, ಮಾಮೂಲಿ ಶಸ್ತ್ರಚಿಕಿತ್ಸೆ ಇದ್ದೇ ಇದೆ. ಒಪ್ಪಿಗೆ ಪತ್ರವನ್ನು ಮನೆಗೆ ತಂದು ತಮ್ಮನೇ ಓದಲಿ, ನಿರ್ಧಾರವೂ ಅವನದೇ ಆಗಲಿ; ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಮನೆಗೆ ಒಯ್ಯಲು ಪತ್ರ ಕೊಡದಿದ್ದರೆ ಸಹಿ ಹಾಕುವುದು ಬೇಡ.