ರಸ್ತೆ ಪಕ್ಕ ಕೂತು ಗಾಡಿ ಎಣಿಸುವುದರಿಂದ ಏನು ಪ್ರಯೋಜನ?

ನಿಮ್ಮ ಪ್ರಶ್ನೆ: "ಜಮಖಂಡಿ ಕಡೆ ನಮ್ಮೂರ ರಸ್ತೆ ಪಕ್ಕ ಈ ಜುಲೈನಲ್ಲಿ ಹುಡುಗರು ಹಗಲು ರಾತ್ರಿ ಕೂತು ಹಾಳೆ ಮೇಲೆ ಗೀಟು ಎಳೀತಿದ್ರು. ಕೇಳಿದ್ರೆ ಗಾಡಿ ಎಣಿಸ್ತಿದೀವಿ ಅಂದ್ರು. ಫಾಸ್ಟ್‌ಯಾಗ್, ಕ್ಯಾಮೆರಾ ಇರೋ ಕಾಲದಲ್ಲಿ ಇದೆಲ್ಲ ಬೇಕಾ?"

ಬೇಕು. ಇಂಥ ಎಣಿಕೆ ಮಾಡಿಸುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು 'ಜುಲೈ' ಅನ್ನುವ ಕಡೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಆ ಹಾಳೆ ನೋಡಿ. ಎಡಗಡೆ ಸಮಯ. ಮೇಲೆ ಅಡ್ಡಸಾಲಿನಲ್ಲಿ ಗಾಡಿಗಳು: ಬೈಕ್, ಆಟೊ, ಕಾರು, ಬಸ್ಸು, ಸಣ್ಣ ಗೂಡ್ಸ್ ಗಾಡಿ, ಎರಡು ಆಕ್ಸಲ್ ಲಾರಿ, ಮೂರು ಆಕ್ಸಲ್ ಲಾರಿ, ಅದಕ್ಕೂ ದೊಡ್ಡವು, ಬರೀ ಟ್ರ್ಯಾಕ್ಟರ್, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಸೈಕಲ್, ಚಕ್ಕಡಿ. ಒಂದು ಗಾಡಿ ಹೋದರೆ ಆ ಕಾಲಮ್ಮಿನಲ್ಲಿ ಒಂದು ಗೀಟು. ನಾಲ್ಕು ಗೀಟು ಆದಮೇಲೆ ಐದನೆಯದನ್ನು ಅವುಗಳ ಮೇಲೆ ಅಡ್ಡ ಎಳೆಯಬೇಕು, ಆಮೇಲೆ ಲೆಕ್ಕ ಹಾಕೋಕೆ ಸುಲಭ. ಹೋಗುವ ದಿಕ್ಕಿಗೊಂದು ಹಾಳೆ, ಬರುವ ದಿಕ್ಕಿಗೊಂದು. ಎಂಟೆಂಟು ಗಂಟೆಯ ಪಾಳಿ. ಹಳ್ಳಿಗಾಡಿನ ರಸ್ತೆಗಳ ಗಾಡಿ ಎಣಿಕೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1972ರಲ್ಲೇ ಒಂದು ನಿಯಮ ಬರೆದಿದೆ, ಐಆರ್‌ಸಿ 9 ಅಂತ. ಏಳು ದಿನ ಬಿಡದೆ, ದಿನಕ್ಕೆ 24 ಗಂಟೆ ಎಣಿಸಬೇಕು ಅನ್ನುತ್ತೆ ಅದು. ಏಳು ದಿನ ಯಾಕೆ ಅಂದರೆ ವಾರದ ಸಂತೆಯೂ ಅದರೊಳಗೆ ಬರಬೇಕು, ಭಾನುವಾರವೂ ಬರಬೇಕು. ಜಾತ್ರೆ ಇದ್ದರೆ ಮಾತ್ರ ಆ ವಾರ ಬಿಡಬೇಕು. ಸವದತ್ತಿ ರಸ್ತೆಯನ್ನು ಭಾರತ ಹುಣ್ಣಿಮೆ ವಾರದಲ್ಲಿ ಎಣಿಸಿ ಅದೇ ದಿನದ ಸರಾಸರಿ ಅಂದರೆ ಯಾರಾದರೂ ನಗ್ತಾರೆ.

ಬಂದ ಗಾಡಿಯನ್ನೆಲ್ಲ ಹಾಗೇ ಕೂಡಿಸಲ್ಲ. ಎಲ್ಲವನ್ನೂ 'ಪಿಸಿಯು' (ಪ್ಯಾಸೆಂಜರ್ ಕಾರ್ ಯೂನಿಟ್) ಲೆಕ್ಕಕ್ಕೆ ತರುತ್ತಾರೆ. ಅಂದರೆ ಒಂದು ಕಾರು ರಸ್ತೆಯಲ್ಲಿ ಎಷ್ಟು ಜಾಗ ಹಿಡಿಯುತ್ತೆ, ಎಷ್ಟು ಅಡ್ಡಿ ಮಾಡುತ್ತೆ ಅನ್ನುವುದನ್ನು 1 ಅಂತ ಇಟ್ಟುಕೊಳ್ಳುವುದು. 1990ರ ಐಆರ್‌ಸಿ 64ರ ಪ್ರಕಾರ ಬೈಕಿಗೆ ಅರ್ಧ. ಲಾರಿ, ಬಸ್ಸಿಗೆ 3. ಟ್ರೇಲರ್ ಇರುವ ಟ್ರ್ಯಾಕ್ಟರಿಗೆ 4.5. ಚಕ್ಕಡಿಗೆ 8! ನಗಬೇಡಿ, ಕಿರಿದಾದ ರಸ್ತೆಯಲ್ಲಿ ಎತ್ತಿನ ಗಾಡಿ ಹಿಂದೆ ಸಿಕ್ಕಿಕೊಂಡವರಿಗೆ ಆ ಎಂಟರ ಅರ್ಥ ಗೊತ್ತು. ಅದೇ ಪುಸ್ತಕದಲ್ಲಿ ರಸ್ತೆಯ ತಾಕತ್ತೂ ಇದೆ. ಬಯಲು ಸೀಮೆಯಲ್ಲಿ ಸಿಂಗಲ್ ರಸ್ತೆಗೆ ದಿನಕ್ಕೆ 2,000 ಪಿಸಿಯು, ಐದೂವರೆ ಮೀಟರಿನದಕ್ಕೆ 6,000, ಏಳು ಮೀಟರಿನ ಡಬಲ್ ರಸ್ತೆಗೆ 15,000.

ಈಗ ಜುಲೈಗೆ ಬನ್ನಿ. ಒಂದು ಐದೂವರೆ ಮೀಟರ್ ರಸ್ತೆ ಇದೆ ಅಂದುಕೊಳ್ಳಿ (ಈ ಅಂಕಿ ನಾನು ಸುಮ್ನೆ ಉದಾಹರಣೆಗೆ ಹಾಕಿದ್ದು, ನಿಮ್ಮೂರಿನದಲ್ಲ). ದಿನಕ್ಕೆ 4,000 ಬೈಕು, ಅದು 2,000. ಕಾರು, ಆಟೊ ಸೇರಿ 1,000. ಲಾರಿ, ಬಸ್ಸು 600, ಅದು 1,800. ಜುಲೈನಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 60, ಅಂದರೆ 270. ಒಟ್ಟು 5,070. ಹಾಳೆ ನೋಡಿದ ಇಂಜಿನಿಯರ್ "ಇನ್ನೂ ಜಾಗ ಇದೆ" ಅಂತಾರೆ. ನವೆಂಬರ್ ಹೊತ್ತಿಗೆ ಸಕ್ಕರೆ ಕಾರ್ಖಾನೆ ಶುರುವಾಯಿತು ಅನ್ನಿ. ಉಳಿದದ್ದೆಲ್ಲ ಅಷ್ಟೇ ಇರಲಿ, ಕಬ್ಬಿನ ಟ್ರ್ಯಾಕ್ಟರ್ ಮಾತ್ರ 360 ಆಗಲಿ. ಅದೊಂದೇ 1,620. ಒಟ್ಟು 6,420, ರಸ್ತೆಯ ಮಿತಿ ದಾಟಿತು. ಕಬ್ಬಿಗೆ ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟಿರ್ತಾರೆ ಅನ್ನುವುದು ನಿಮಗೆ ಹೇಳಬೇಕಿಲ್ಲ. ಐಆರ್‌ಸಿ 64ರ ಪಟ್ಟಿಯಲ್ಲಿ ಎರಡು ಟ್ರೇಲರಿಗೆ ಬೇರೆ ಲೆಕ್ಕವೂ ಇಲ್ಲ.

ವರ್ಷದ ಎರಡೂ ಎಣಿಕೆಯ ಸರಾಸರಿ ತೆಗೆದರೆ 5,745. ವರ್ಷಕ್ಕೆ ಶೇ 5ರಷ್ಟು ಗಾಡಿ ಹೆಚ್ಚುತ್ತೆ ಅಂತ ಇಟ್ಟುಕೊಂಡರೆ ಮುಂದಿನ ವರ್ಷವೇ 6,000 ದಾಟುತ್ತೆ. ಬರೀ ಜುಲೈ ಲೆಕ್ಕ ನಂಬಿದರೆ ದಾಟೋಕೆ ನಾಲ್ಕು ವರ್ಷ ಬೇಕು. ಅಷ್ಟು ದಿನ ರಸ್ತೆ ಅಗಲ ಆಗುವ ಮಾತು ಮುಂದಕ್ಕೆ ಹೋಯಿತು, ಅಲ್ವಾ? ಅದಕ್ಕೇ ಐಆರ್‌ಸಿ 9 ವರ್ಷಕ್ಕೆ ಎರಡು ಸಲ ಎಣಿಸಿ ಅನ್ನುವುದು: ಒಂದು ಸುಗ್ಗಿಯಲ್ಲಿ, ಒಂದು ಕೆಲಸ ಕಮ್ಮಿ ಇರುವ ಕಾಲದಲ್ಲಿ. ನಡೆಯುವುದು ಎಷ್ಟೋ ಕಡೆ ಒಂದೇ ಸಲ, ಯಾಕೆಂದರೆ ಯೋಜನಾ ವರದಿಗೆ ಟೈಮಿಲ್ಲ.

ಒಂದೇ ಸಲ ಎಣಿಸಿದಾಗ ಸರಿದೂಗಿಸೋಕೆ ಒಂದು ದಾರಿ ಇದೆ. ಆ ರಸ್ತೆಯ ಪೆಟ್ರೋಲ್ ಬಂಕುಗಳಿಗೆ ಹೋಗಿ ತಿಂಗಳು ತಿಂಗಳು ಎಷ್ಟು ಪೆಟ್ರೋಲ್, ಎಷ್ಟು ಡೀಸೆಲ್ ಮಾರಿದಿರಿ ಅಂತ ಕೇಳುವುದು. ಜುಲೈನ ಮಾರಾಟಕ್ಕೂ ವರ್ಷದ ಸರಾಸರಿಗೂ ಇರುವ ವ್ಯತ್ಯಾಸದಿಂದ ಎಣಿಕೆಯನ್ನು ಹೆಚ್ಚು ಕಮ್ಮಿ ಮಾಡುತ್ತಾರೆ. ಲಾರಿ, ಕಾರಿಗೆ ಇದು ಪರವಾಗಿಲ್ಲ. ಆದರೆ ಬಂಕಿನ ಡೀಸೆಲ್ಲಿನಲ್ಲಿ ಹೊಲ ಉಳುವ ಟ್ರ್ಯಾಕ್ಟರಿನದೂ ಇರುತ್ತೆ, ಅದು ರಸ್ತೆಗೇ ಬಂದಿರಲ್ಲ. ಕಬ್ಬಿನ ಸೀಮೆಯಲ್ಲಿ ನಾನಂತೂ ಬಂಕಿನ ಲೆಕ್ಕವೊಂದನ್ನೇ ನಂಬಲ್ಲ.

ಕಾಲ ತಪ್ಪಿದರೆ ಹೇಗೆ ಅನ್ನೋದಕ್ಕೆ ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಲಾರಿಗಳನ್ನು ನೆನೆಸಿಕೊಳ್ಳಿ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಮೊದಲಿನ ಎಣಿಕೆಗೂ ಆಮೇಲಿನ ಎಣಿಕೆಗೂ ಸಂಬಂಧವೇ ಇಲ್ಲ. 2018ರಲ್ಲಿ ಶಿರಾಡಿ ಘಾಟ್ ಕಾಂಕ್ರೀಟ್ ಕೆಲಸಕ್ಕೆ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಬೇರೆ ಘಾಟಿಗಳಲ್ಲಿ ಎಣಿಸಿದ್ದರೆ ಸಿಗುತ್ತಿದ್ದುದು ಶಿರಾಡಿಯ ಗಾಡಿಗಳು.

ಇನ್ನು ಫಾಸ್ಟ್‌ಯಾಗ್. ಅದು ಟೋಲ್ ಇರುವ ಕಡೆ ಮಾತ್ರ. ಬೈಕಿಗೆ ಟೋಲ್ ಇಲ್ಲ, ಹಾಗಾಗಿ ನಮ್ಮ ರಸ್ತೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಗಾಡಿಯೇ ಅದರಲ್ಲಿ ಕಾಣಲ್ಲ. ಕ್ಯಾಮೆರಾ ಒಳ್ಳೆಯದು, ನಾವೂ ಹಾಕುತ್ತೇವೆ. ಆದರೆ ಬಸ್ಸಿನ ಮರೆಯಲ್ಲಿ ಎರಡು ಬೈಕ್ ಹೋದರೆ ಅದಕ್ಕೆ ಕಾಣಲ್ಲ. ರಾತ್ರಿ ಹೆಡ್‌ಲೈಟ್ ಕಣ್ಣಿಗೆ ಹೊಡೆದಂತೆ ಲೆನ್ಸಿಗೂ ಹೊಡೆಯುತ್ತೆ. ರಸ್ತೆಗೆ ಅಡ್ಡ ರಬ್ಬರ್ ಟ್ಯೂಬ್ ಹಾಸಿ ಚಕ್ರ ಎಣಿಸುವ ಯಂತ್ರವೂ ಇದೆ. ಎರಡು ಬೈಕ್ ಒಟ್ಟಿಗೆ ಹತ್ತಿದರೆ ಅದಕ್ಕೆ ಒಂದೇ. ಹೀಗಾಗಿ ವಿಡಿಯೊ ಇಟ್ಟುಕೊಂಡು, ಅದರ ಕೆಲವು ಗಂಟೆಗಳನ್ನು ಮನುಷ್ಯರಿಂದ ಮತ್ತೆ ಎಣಿಸಿ ತಾಳೆ ನೋಡುವುದೇ ವಾಸಿ.

ಹಾಗಂತ ಮನುಷ್ಯರ ಎಣಿಕೆ ಪರಮ ಸತ್ಯ ಅಂತಲ್ಲ. ರಾತ್ರಿ ಎರಡರಿಂದ ನಾಲ್ಕರ ಹಾಳೆ ಬಂದರೆ ನಾನು ಮೊದಲು ಅದನ್ನೇ ತೆಗೆಯುತ್ತೇನೆ. ಹುಡುಗರಿಗೆ ಸಿಗುವ ಕೂಲಿ ಕಮ್ಮಿ, ಸೊಳ್ಳೆ ಜಾಸ್ತಿ. ನಿದ್ದೆ ಹೋಗಿ ಬೆಳಿಗ್ಗೆ ಅಂದಾಜಿಗೆ ತುಂಬಿದ ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತೆ: ಗೀಟುಗಳೆಲ್ಲ ಒಂದೇ ಅಳತೆ, ಒಂದೇ ಒತ್ತು, ಪ್ರತಿ ಗಂಟೆಗೂ ಹತ್ತಿರ ಹತ್ತಿರ ಅದೇ ಸಂಖ್ಯೆ. ಇನ್ನೊಂದು ಸುಲಭದ ಪರೀಕ್ಷೆ ಬಸ್ಸು. ಆ ರೂಟಿನಲ್ಲಿ ಸಾರಿಗೆ ಬಸ್ ಎಷ್ಟು ಓಡುತ್ತೆ ಅಂತ ಡಿಪೋದಲ್ಲಿ ಗೊತ್ತಿರುತ್ತೆ. ಡಿಪೋ ಒಂದು ಲೆಕ್ಕ ಹೇಳಿ ಹಾಳೆ ಇನ್ನೊಂದು ಹೇಳಿದರೆ ಉಳಿದ ಕಾಲಮ್ಮುಗಳನ್ನೂ ನಂಬುವ ಹಾಗಿಲ್ಲ.

ಎಣಿಕೆ ಎಷ್ಟು ಗಾಡಿ ಅಂತ ಹೇಳುತ್ತೆ, ಎಲ್ಲಿಂದ ಎಲ್ಲಿಗೆ ಅಂತ ಹೇಳಲ್ಲ. ಬೈಪಾಸ್ ಬೇಕಾ ಅಂತ ತೀರ್ಮಾನ ಮಾಡೋಕೆ ಆ ಎರಡನೆಯದೇ ಮುಖ್ಯ. ಅದಕ್ಕೆ ಗಾಡಿ ನಿಲ್ಲಿಸಿ ಕೇಳಬೇಕು, ಪೊಲೀಸರ ಸಹಾಯ ಬೇಕು. ಪೊಲೀಸರನ್ನು ಕಂಡ ಕೂಡಲೇ ಹೆಲ್ಮೆಟ್ ಇಲ್ಲದ ಬೈಕುಗಳೆಲ್ಲ ಬಂದ ದಾರಿಗೇ ತಿರುಗುತ್ತವೆ, ಅದು ಬೇರೆ ಕಥೆ.

ನಿಮಗೆ ನಿಜವಾಗಿ ಆಸಕ್ತಿ ಇದ್ದರೆ ನಿಮ್ಮ ಲೋಕೋಪಯೋಗಿ ಉಪವಿಭಾಗದ ಕಚೇರಿಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. "ರಸ್ತೆ ಯಾಕೆ ಅಗಲ ಮಾಡಿಲ್ಲ" ಅಂತ ಬರೆಯಬೇಡಿ, ಉತ್ತರ ಬರಲ್ಲ. ಎಣಿಸಿದ ತಾರೀಕು, ಜಾಗ, ಗಾಡಿಯ ವಿಧವಾರು 24 ಗಂಟೆಯ ಪಟ್ಟಿ, ಹಂಗಾಮಿಗೆ ಎಷ್ಟು ಹೊಂದಿಸಿದ್ದಾರೆ ಅನ್ನುವ ಲೆಕ್ಕ, ಇಷ್ಟರ ಪ್ರತಿ ಕೇಳಿ. ಪಟ್ಟಿಯಲ್ಲಿ ಜುಲೈ ಒಂದೇ ಇದ್ದರೆ ಕಾರ್ಖಾನೆ ಶುರುವಾಗುವ ಮೊದಲೇ, ಸೀಸನ್ನಿನಲ್ಲಿ ಇನ್ನೊಂದು ಸಲ ಎಣಿಸಿ ಅಂತ ಗ್ರಾಮ ಪಂಚಾಯಿತಿಯಿಂದ ಒಂದು ಪತ್ರ ಬರೆಸಿ.