ಸೊಟ್ಟ ಮನೆಗೆ ಹೆದರಬೇಡಿ, ಸಿಮೆಂಟಿಗೆ ಹೆದರಿ

ಪ್ರಶ್ನೆ: ನಮಸ್ಕಾರ ಸರ್. ನಾನು, ನನ್ನ ಹೆಂಡತಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಪೇಟೆ ಬೀದಿಯ ಒಂದು ಹಳೆ ಮರದ ಚೌಕಟ್ಟಿನ ಮನೆ ಕೊಳ್ಳೋಣ ಅಂತಿದ್ದೇವೆ. 1590ರ ಸುಮಾರಿನದಂತೆ, ಕಾನೂನಿನ ರಕ್ಷಣೆ ಇರುವ ಹಳೆ ಕಟ್ಟಡಗಳ ಪಟ್ಟಿಯಲ್ಲಿ ಗ್ರೇಡ್ 2 ದರ್ಜೆಯಲ್ಲಿದೆ. ಮಹಡಿ ಬೀದಿಯ ಮೇಲಕ್ಕೆ ಚಾಚಿಕೊಂಡಿದೆ. ಇಡೀ ಮನೆ ಸೊಟ್ಟ. ನೆಲದ ಮೇಲೆ ಗೋಲಿ ಇಟ್ಟರೆ ತಾನಾಗೇ ಉರುಳುತ್ತದೆ! ಒಂದೇ ಸಮಾಧಾನ ಅಂದರೆ ಹಿಂದಿನವರು ಹೊರಗೋಡೆಗೆ ಗಟ್ಟಿಯಾಗಿ ಸಿಮೆಂಟ್ ಗಾರೆ ಮಾಡಿಸಿದ್ದಾರೆ. ಈ ಮನೆ ಬೀಳುತ್ತದಾ?

ಉತ್ತರ: ನಕ್ಕೆ ಅಂತ ಬೇಜಾರು ಮಾಡ್ಕೋಬೇಡಿ. ಹೆದರಬೇಕಾದ ಕಡೆ ನೀವು ಸಮಾಧಾನ ಪಟ್ಟಿದ್ದೀರಿ, ಸಮಾಧಾನವಾಗಿರಬೇಕಾದ ಕಡೆ ಹೆದರಿದ್ದೀರಿ. ಅಲ್ಲಿ ಇಂಥ ಮನೆಗಳ ರಿಪೇರಿ ತಂಡದಲ್ಲಿ 20 ವರ್ಷ ಕೆಲಸ ಮಾಡಿದವನು ನಾನು. ಮೊದಲ ವರ್ಷ ನಾನೂ ಹೀಗೇ ಇದ್ದೆ.

ಸೊಟ್ಟದ ವಿಷಯ ಮೊದಲು. ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿ ಇರುವಾಗಲೇ ಕೆಲಸಕ್ಕೆ ತರುತ್ತಿದ್ದರು. ಹಸಿ ಓಕ್ ಉಳಿಗೆ ಸಲೀಸು. ಒಣಗಿತೋ, ಕಬ್ಬಿಣ. ಹಾಗಾಗಿ ಮನೆ ಕಟ್ಟಿದ ಮೇಲೆ ನಿಂತಲ್ಲೇ ಮರ ಒಣಗುತ್ತದೆ, ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಬಡಗಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಂದು ಮರದ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಇನ್ನೊಂದರ ಗುಳಿಗೆ ಕೂರಿಸಿ, ಓಕ್ ಗೂಟ ಬಡಿಯುತ್ತಿದ್ದ. ಎರಡೂ ಮರಗಳ ತೂತನ್ನು ಬೇಕಂತಲೇ ಚೂರು ಆಚೀಚೆ ಕೊರೆಯುತ್ತಿದ್ದ. ಗೂಟ ಒಳಗೆ ಹೋದಷ್ಟೂ ಜೋಡಣೆ ಬಿಗಿಯಾಗುತ್ತಿತ್ತು. ಇಂಥ ಚೌಕಟ್ಟು ಬಾಗುತ್ತದೆ, ಆದರೆ ಸುಲಭಕ್ಕೆ ಕೈಬಿಡುವುದಿಲ್ಲ.

ಬಾಗು ಹಳೆಯದೋ ಹೊಸದೋ ಅನ್ನೋದೇ ಮುಖ್ಯ. ಅದಕ್ಕೆ ಬಾಗಿಲು ನೋಡಿ. ಓರೆಯಾದ ಚೌಕಟ್ಟಿಗೆ ಸರಿಹೊಂದುವ ಹಾಗೆ ಬಾಗಿಲ ತಲೆಯನ್ನು ಓರೆಯಾಗಿ ಕೊಯ್ದಿದ್ದಾರಾ? ಆ ಕೊಯ್ತವೂ ಹಳೆಯದಾಗಿ ಕಾಣುತ್ತದಾ? ಹಾಗಿದ್ದರೆ ಮನೆ ಎಂದೋ ಬಾಗಿ ಸುಮ್ನೆ ಕೂತಿದೆ ಅಂತ ಲೆಕ್ಕ. ಗಾರೆಯಲ್ಲಿ ಬಿಳಿಬಿಳಿ ಹೊಸ ಬಿರುಕು ಇದ್ದರೆ, ಹೋದ ವರ್ಷ ಮುಚ್ಚುತ್ತಿದ್ದ ಕಿಟಕಿ ಈ ವರ್ಷ ಮುಚ್ಚದಿದ್ದರೆ, ಆಗ ಹಳೆ ಮರದ ಕಟ್ಟಡ ಗೊತ್ತಿರುವ ಎಂಜಿನಿಯರನ್ನು ಕರೆಯಿರಿ.

ಚಾಚಿದ ಮಹಡಿಗೂ ಹೆದರಬೇಡಿ. ಕೆಳಗೋಡೆಯನ್ನು ದಾಟಿ ಜಂತೆಗಳು ಹೊರಗೆ ಬಂದಿರುತ್ತವೆ, ಅವುಗಳ ತುದಿಯ ಮೇಲೆ ಮೇಲಿನ ಗೋಡೆ ಕೂತಿರುತ್ತದೆ. ಆ ಭಾರ ಜಂತೆಯ ಒಳಭಾಗವನ್ನು ಮೇಲಕ್ಕೆ ಎತ್ತಲು ನೋಡುತ್ತದೆ, ಇದರಿಂದ ನೆಲದ ನಡುಭಾಗ ಜಗ್ಗುವುದು ಕಮ್ಮಿ. ಇಕ್ಕಟ್ಟಿನ ಬೀದಿಯಲ್ಲಿ ಮೇಲೆ ಒಂದಷ್ಟು ಜಾಸ್ತಿ ಜಾಗ ಬೇರೆ. ಮೂಲೆ ಮನೆಯಾಗಿ ಎರಡೂ ಕಡೆ ಚಾಚಿದ್ದರೆ ಮೂಲೆಗೆ ಓರೆಯಾಗಿ ಒಂದು ದಪ್ಪ ತೊಲೆ ಹೋಗಿರುತ್ತದೆ. ಅದನ್ನು ಡ್ರ್ಯಾಗನ್ ಬೀಮ್ ಅಂತಾರೆ. ಯಾರ್ಕ್ ಊರಿನ ಲೇಡಿ ರೋ ಮನೆಗಳು 1316ರವು. ಮಹಡಿ ಚಾಚಿಕೊಂಡೇ 700 ವರ್ಷ ದಾಟಿವೆ.

ಈಗ ಸಿಮೆಂಟು. ಮರ ಸ್ವಲ್ಪವಾದರೂ ಅಲುಗಾಡುತ್ತಲೇ ಇರುತ್ತದೆ, ಸಿಮೆಂಟು ಅಲುಗಾಡುವುದಿಲ್ಲ. ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮಳೆನೀರು ಅಲ್ಲಿಂದ ಒಳಗೆ ಹೋಗುತ್ತದೆ, ಆರಿ ಹೊರಗೆ ಬರಲು ದಾರಿಯಿಲ್ಲ. ಒಂದು ಮನೆಯಲ್ಲಿ ಹೀಗೇ ಚಂದದ ಸಿಮೆಂಟ್ ಗೋಡೆ ಇತ್ತು. ಬುಡದಲ್ಲಿ ಒಂದು ಚಕ್ಕೆ ಎಬ್ಬಿಸಿದೆವು. ಗೋಡೆಯ ಕಂಬಗಳೆಲ್ಲ ನಿಲ್ಲುವ ಅಡಿತೊಲೆಗೆ ಉಳಿ ಇಟ್ಟೆ. ಸುತ್ತಿಗೆಯೇ ಬೇಕಾಗಲಿಲ್ಲ, ಹಿಡಿಯವರೆಗೂ ಇಳಿಯಿತು. ಕೈಗೆ ಬಂದದ್ದು ಮರವಲ್ಲ, ನಶ್ಯ. ಮೇಲಿನ ಕಂಬಗಳು ಮಾತ್ರ ಕಲ್ಲಿನ ಹಾಗಿದ್ದವು.

ಹಾಗಾಗಿ ನೀವು ಮೊದಲು ನೋಡಬೇಕಾದ್ದು ಅಡಿತೊಲೆ. ಇದು ಕಲ್ಲಿನ ಜಗಲಿಯ ಮೇಲೆ, ನೆಲದಿಂದ ಎತ್ತರದಲ್ಲಿ ಇರಬೇಕು. ಆದರೆ ನೂರಾರು ವರ್ಷ ಬೀದಿಗೆ ಕಲ್ಲಿನ ಮೇಲೆ ಕಲ್ಲು ಹಾಕುತ್ತ ಬಂದರೆ ಬೀದಿಯೇ ಮೇಲೇಳುತ್ತದೆ, ಜಗಲಿ ಹೂತುಹೋಗುತ್ತದೆ. ಮರದ ತೇವ ಅಳೆಯುವ ಮೀಟರು ಸಿಗುತ್ತದೆ. ಶೇ. 20 ದಾಟಿದರೆ ಕೊಳೆ ಹಿಡಿಯುವ ಅಪಾಯ ಶುರು.

ಪರಿಹಾರ ಸಿಮೆಂಟ್ ತೆಗೆದು ಸುಣ್ಣದ ಗಾರೆ. ಚೌಕಟ್ಟಿನ ಸಂದಿಗಳಲ್ಲಿ ಹಳೆಯ ತಡಿಕೆ ಉಳಿದಿರಬಹುದು. ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು. ಕಸ ಅಂತ ಕಿತ್ತುಹಾಕಬೇಡಿ, ಮನೆಯಷ್ಟೇ ವಯಸ್ಸಿನದಾಗಿರಬಹುದು. ಕೊಳೆತ ಮರವನ್ನೂ ಕೊಳೆತಷ್ಟೇ ಕೊಯ್ದು, ಹೊಸ ಓಕ್ ತುಂಡನ್ನು ಬೆಸೆಯಬೇಕು. ಪೂರ್ತಿ ಕಂಬವೇ ಬದಲಿಸೋಣ ಅನ್ನುವ ಕಂಟ್ರಾಕ್ಟರಿಗೆ ಟೀ ಕೊಟ್ಟು ಕಳಿಸಿಬಿಡಿ.

ಪ್ರಶ್ನೆ: (ಅದೇ ಪತ್ರದ ಕೊನೆಯಲ್ಲಿ, ಅವರ ಹೆಂಡತಿಯ ಕೈಬರಹದಲ್ಲಿ) ಚಳಿ ತಡೆಯಲು ಡಬಲ್ ಗ್ಲಾಸ್ ಕಿಟಕಿ ಹಾಕಿಸಬಹುದಾ? ಅಡುಗೆಮನೆಯ ಒಳಗೋಡೆ ಒಡೆದರೆ ಯಾರಿಗೆ ಗೊತ್ತಾಗುತ್ತದೆ?

ಉತ್ತರ: ಗೊತ್ತಾಗುತ್ತದಮ್ಮಾ! ಗ್ರೇಡ್ 2 ಅಂದರೆ ಬರೀ ಮುಂಭಾಗ ಅಂತ ಜನ ತಿಳಿದಿದ್ದಾರೆ. ಅಲ್ಲ. ಒಳಗೋಡೆ, ಮೆಟ್ಟಿಲು, ಒಲೆ, ಎಲ್ಲವೂ ಸೇರಿದ್ದು. ಮನೆಯ ಸ್ವರೂಪ ಬದಲಿಸುವ ಯಾವ ಕೆಲಸಕ್ಕೂ ಕೌನ್ಸಿಲ್‌ನಿಂದ ಮೊದಲೇ ಒಪ್ಪಿಗೆ ಬೇಕು. 1990ರ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಮಾಡಿದರೆ ಅದು ಅಪರಾಧ, 2 ವರ್ಷದವರೆಗೆ ಜೈಲೂ ಆಗಬಹುದು. ಅರ್ಜಿಗೆ ಶುಲ್ಕವೇ ಇಲ್ಲ, ಮತ್ತೆ ಕದ್ದು ಮಾಡೋದು ಯಾಕೆ?

ಇನ್ನೊಂದು ಮಾತು. ಹಿಂದಿನವರು ಒಪ್ಪಿಗೆ ಇಲ್ಲದೆ ಮಾಡಿದ್ದನ್ನು ಸರಿಪಡಿಸಿ ಅಂತ ನೋಟಿಸು ಈಗಿನ ಮಾಲೀಕರಿಗೆ ಬರುತ್ತದೆ. ಅದಕ್ಕೆ ಕಾಲಮಿತಿಯೂ ಇಲ್ಲ. ಆ ಸಿಮೆಂಟ್ ಗಾರೆಗೆ ಒಪ್ಪಿಗೆ ಇತ್ತಾ ಅಂತ ಕೊಳ್ಳುವ ಮೊದಲೇ ವಕೀಲರಿಂದ ಕೇಳಿಸಿ.

ಕಿಟಕಿಗೆ ಬೇರೆ ದಾರಿ ಇದೆ. ಹಳೆ ಕಿಟಕಿ ಹಾಗೇ ಬಿಟ್ಟು, ಒಳಗಡೆಯಿಂದ ಇನ್ನೊಂದು ತೆಳು ಗಾಜಿನ ಚೌಕಟ್ಟು ಕೂರಿಸುವುದು. ಚಳಿಯೂ ಕಮ್ಮಿ, ಬೀದಿಯ ಸದ್ದೂ ಕಮ್ಮಿ. ಆದರೂ ಕೌನ್ಸಿಲ್ಲಿನ ಸಂರಕ್ಷಣಾ ಅಧಿಕಾರಿಯನ್ನು ಒಂದು ಮಾತು ಕೇಳಿ.

ಪ್ರಶ್ನೆ: ಇಂಗ್ಲೆಂಡಿನ ಈ ಮನೆಗಳ ಫೋಟೋಗಳಲ್ಲಿ ಮರ ಕಪ್ಪು, ಗೋಡೆ ಬಿಳಿ. ಮೊದಲಿನಿಂದಲೂ ಹೀಗೇನಾ?

ಉತ್ತರ: ಬಹಳಷ್ಟು ಕಡೆ ಅಲ್ಲ. ಆ ಕಡುಗಪ್ಪು ಹೆಚ್ಚಾಗಿ 19ನೇ ಶತಮಾನದ ಷೋಕಿ. ಸುಮ್ನೆ ಬಿಟ್ಟ ಓಕ್ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ. ಸಫೋಕ್‌ನ ಲ್ಯಾವೆನ್‌ಹ್ಯಾಮ್ ಊರಿಗೆ ಹೋದರೆ ಅದನ್ನು ಈಗಲೂ ನೋಡಬಹುದು. ಹಾಗಂತ ಕಪ್ಪು ಬಣ್ಣ ತೆಗೆಯಲು ಮರಳು ಬೀಸಿ ಉಜ್ಜಿಸಬೇಡಿ. ಬಣ್ಣದ ಜೊತೆ ಕೊಡಲಿಯ ಏಟಿನ ಗುರುತು, ಬಡಗಿ ಜೋಡಣೆಗೆ ಕೆತ್ತಿದ ನಂಬರು, ಎಲ್ಲಾ ಹೋಗುತ್ತದೆ.